ಕಪಾಟಿನಲ್ಲಿಟ್ಟ ಲೆದರ್ ಬ್ಯಾಗಿಗೆ ಬೂಷ್ಟು ಯಾಕೆ ಬರುತ್ತೆ?

ಪ್ರಶ್ನೆ: ನಮ್ಮ ಮನೆ ಉಡುಪಿ ಹತ್ತಿರ, ಸಮುದ್ರದ ಪಕ್ಕದಲ್ಲೇ. ನನ್ನ ಹತ್ತಿರ ಮೂರು ಹ್ಯಾಂಡ್‌ಬ್ಯಾಗ್ ಇವೆ. ಒಂದು ಅಮ್ಮನದು. ಕಂದು ಬಣ್ಣ, ನಲವತ್ತು ವರ್ಷಕ್ಕಿಂತ ಹಳೆಯದು, ಮದ್ರಾಸಿನಲ್ಲಿ ಕೊಂಡದ್ದಂತೆ. ಇನ್ನೊಂದು ಅಣ್ಣ ದುಬೈಯಿಂದ ತಂದ ಕಪ್ಪು ಲೆದರ್ ಬ್ಯಾಗ್, ಮದುವೆ ಮುಂಜಿಗೆ ಮಾತ್ರ ಹೊರಗೆ ತೆಗೆಯುತ್ತೇನೆ. ಮೂರನೆಯದು ಆನ್‌ಲೈನ್‌ನಲ್ಲಿ ತರಿಸಿದ ಕೆನೆ ಬಣ್ಣದ್ದು, 'ವೀಗನ್ ಲೆದರ್' ಅಂತ ಬರೆದಿತ್ತು. ಪ್ರತಿ ಮಳೆಗಾಲದಲ್ಲಿ ಮೊದಲೆರಡಕ್ಕೂ ಬಿಳಿ ಬೂಷ್ಟು ಹಿಡಿಯುತ್ತದೆ. ಒರೆಸಿ, ತೆಂಗಿನೆಣ್ಣೆ ಸವರಿ, ಬಿಸಿಲಿಗಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ನ್ಯಾಫ್ತಲಿನ್ ಗುಳಿಗೆ ಹಾಕಿ ಗಾಡ್ರೇಜ್ ಬೀರುವಿನಲ್ಲಿ ಇಡುತ್ತೇನೆ. ಆದರೂ ಮತ್ತೆ ಬರುತ್ತದೆ. ಅಮ್ಮನ ಬ್ಯಾಗಿನ ಹಿಡಿ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಕೆನೆ ಬಣ್ಣದ್ದು ಬಳಸದೇ ಇದ್ದರೂ ಸಿಪ್ಪೆ ಏಳುತ್ತಿದೆ. ಒಳ್ಳೆಯ ಲೆದರ್‌ಗೆ ಬೂಷ್ಟು ಬರೋದಿಲ್ಲ, ನಿಮ್ಮದು ಡೂಪ್ಲಿಕೇಟ್ ಇರಬೇಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ? ಇನ್ನೂ ಜಾಸ್ತಿ ಎಣ್ಣೆ ಹಚ್ಚಬೇಕೇ? ಮನೆಯಲ್ಲಿ ಎರಡು ವರ್ಷದ ಮಗು ಇದೆ, ಈ ಬೂಷ್ಟಿನಿಂದ ತೊಂದರೆ ಇದೆಯೇ? ಅಮ್ಮನ ಬ್ಯಾಗ್ ಉಳಿಯುತ್ತದೆಯೇ?

ಉತ್ತರ: ಮೊದಲು ಪಕ್ಕದ ಮನೆಯವರ ಮಾತನ್ನು ಬದಿಗಿಡೋಣ. ಬೂಷ್ಟು ಬಂತು ಅಂದರೆ ಲೆದರ್ ಡೂಪ್ಲಿಕೇಟ್ ಅಂತ ಅರ್ಥವಲ್ಲ. ಲೆಕ್ಕ ಹೆಚ್ಚುಕಡಿಮೆ ಉಲ್ಟಾ ಇದೆ. ನಿಜವಾದ ಚರ್ಮದಲ್ಲಿ ಎಣ್ಣೆ, ಕೊಬ್ಬಿನ ಅಂಶ ಇರುತ್ತದೆ, ಹವೆಯಲ್ಲಿರುವ ತೇವವನ್ನು ಅದು ಎಳೆದುಕೊಳ್ಳುತ್ತದೆ. ಬೂಷ್ಟಿಗೆ ಬೇಕಾದ್ದೂ ಅವೇ ಎರಡು. ನಿಮ್ಮ ಅಣ್ಣ ತಂದ ಬ್ಯಾಗು ಒಳ್ಳೆಯದೇ ಇರಬಹುದು. ಅದನ್ನು ಇಟ್ಟ ಜಾಗ ಸರಿಯಿಲ್ಲ, ಅಷ್ಟೇ.

ನಿಮ್ಮ ಮೂರು ಬ್ಯಾಗುಗಳ ಕಾಯಿಲೆ ಬೇರೆ ಬೇರೆ. ಕಪ್ಪು ಬ್ಯಾಗಿಗೆ ಬರೀ ಬೂಷ್ಟು. ಅಮ್ಮನದಕ್ಕೆ ಬೂಷ್ಟಿನ ಜೊತೆ ವಯಸ್ಸೂ ಸೇರಿಕೊಂಡಿದೆ. ಕೆನೆ ಬಣ್ಣದ್ದು ಲೆದರೇ ಅಲ್ಲ. ಮೂರಕ್ಕೂ ಒಂದೇ ಮದ್ದು ಮಾಡಿದ್ದರಿಂದ ಯಾವುದೂ ವಾಸಿಯಾಗಿಲ್ಲ. ನನ್ನ ರಿಪೇರಿ ಮೇಜಿಗೆ ಕರಾವಳಿ ಮತ್ತು ಮಲೆನಾಡಿನಿಂದ ಬರುವ ಬ್ಯಾಗುಗಳಲ್ಲಿ ಹೆಚ್ಚಿನವು ಬಳಸಿ ಹಾಳಾದವಲ್ಲ, ಜೋಪಾನ ಮಾಡಿ ಹಾಳಾದವು. ಕಟ್ಟಿ, ಮುಚ್ಚಿ, ಎಣ್ಣೆ ಕುಡಿಸಿ ಒಳಗಿಟ್ಟವು. ದಿನಾ ಹೆಗಲಿಗೆ ಹಾಕಿಕೊಂಡು ಓಡಾಡುವ ಬ್ಯಾಗಿಗೆ ಬೂಷ್ಟು ಹಿಡಿದದ್ದನ್ನು ನೋಡುವುದು ಅಪರೂಪ.

ಕಾರಣ ಹೇಳುತ್ತೇನೆ. ಬೂಷ್ಟಿನ ಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇರುತ್ತವೆ. ಅವು ಮೊಳೆಯಬೇಕಾದರೆ ಹವೆಯ ತೇವಾಂಶ ಸುಮಾರು ಶೇ. 65-70 ದಾಟಬೇಕು, ಗಾಳಿ ಆಡಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ತೇವಾಂಶ ಎಷ್ಟೋ ದಿನ ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಉಪ್ಪಿನ ಡಬ್ಬಿಯಲ್ಲಿ ನೀರು ಬಿಡುವ ಕಾಲ ಅದು. ಆ ಹವೆಯನ್ನೇ ನೀವು ಬ್ಯಾಗಿನ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಗಂಟು ಹಾಕಿ ಕಟ್ಟಿದ್ದೀರಿ. ಬಿಸಿಲಿಗಿಟ್ಟಾಗ ಮೇಲ್ಮೈ ಒಣಗಿದ ಹಾಗೆ ಕಂಡರೂ ಚರ್ಮದ ಒಳಗೆ, ಅಸ್ತರಿನಲ್ಲಿ, ಮಡಿಕೆಗಳಲ್ಲಿ ಪಸೆ ಉಳಿದಿರುತ್ತದೆ. ಕವರಿನೊಳಗೆ ಅದಕ್ಕೆ ಹೋಗಲು ದಾರಿಯಿಲ್ಲ. ಬೀರು ಹೊರಗಿನ ಗೋಡೆಗೆ ಒತ್ತಿಕೊಂಡಿದ್ದರೆ ಇನ್ನೂ ಕಷ್ಟ. ಮಳೆ ಹೊಡೆಯುವ ಗೋಡೆ ತಣ್ಣಗಿರುತ್ತದೆ, ಬೀರುವಿನ ಹಿಂದಿನ ತಗಡೂ ತಣ್ಣಗಾಗುತ್ತದೆ, ಒಳಗಿನ ಹವೆ ಅಲ್ಲಿ ಬೆವರುತ್ತದೆ. ಕೆಳಗಿನ ತಟ್ಟೆಯ ಹಿಂದಿನ ಮೂಲೆಯಲ್ಲಿಟ್ಟ ಬ್ಯಾಗಿಗೆ ಮೊದಲು ಬೂಷ್ಟು ಬರುವುದು ಇದೇ ಕಾರಣಕ್ಕೆ.

ಇನ್ನು ತೆಂಗಿನೆಣ್ಣೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅರ್ಧ ನಿಜ ಇರುವ ನಂಬಿಕೆ ಇದು. ಚರ್ಮ ಅಂದರೆ ತೆಂಗಿನ ನಾರಿನ ಹಗ್ಗದ ಹಾಗೆ ಹೆಣೆದುಕೊಂಡ ಎಳೆಗಳು. ಆ ಎಳೆಗಳು ಒಂದರ ಮೇಲೊಂದು ಜಾರಲು ಎಣ್ಣೆ ಬೇಕು, ಅದಿಲ್ಲದಿದ್ದರೆ ಚರ್ಮ ಗಟ್ಟಿಯಾಗಿ ಬಿರಿಯುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಈ ಎಣ್ಣೆಯನ್ನು ಚರ್ಮ ಹದ ಮಾಡುವಾಗಲೇ ದೊಡ್ಡ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿ ಎಳೆ ಎಳೆಗೂ ಸೇರಿಸಿರುತ್ತಾರೆ. ಮನೆಯಲ್ಲಿ ಬಟ್ಟೆಗೆ ಅದ್ದಿ ಸವರಿದ ಎಣ್ಣೆ ಹಾಗೆ ಸೇರುವುದಿಲ್ಲ.

ಅಣ್ಣ ತಂದ ಕಪ್ಪು ಬ್ಯಾಗಿನ ಮೇಲೆ ಬಹುಶಃ ಬಣ್ಣದ ಪದರ ಇದೆ. ಗುರುತಿಸುವುದು ಸುಲಭ. ಬ್ಯಾಗಿನ ತಳದಲ್ಲಿ, ಕಾಣದ ಜಾಗದಲ್ಲಿ, ಬೆರಳ ತುದಿಯಿಂದ ಒಂದು ಸಣ್ಣ ಹನಿ ನೀರಿಡಿ. ಹನಿ ಮುತ್ತಿನಂತೆ ನಿಂತರೆ ಮೇಲೆ ಪದರ ಇದೆ ಅಂತ ಅರ್ಥ, ಎಣ್ಣೆ ಒಳಗೆ ಹೋಗುವುದೇ ಇಲ್ಲ. ಮೇಲೆಯೇ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ, ಬೂಷ್ಟಿಗೆ ಊಟವಾಗುತ್ತದೆ, ರೇಷ್ಮೆ ಸೀರೆಗೆ ಕಲೆ ಮಾಡುತ್ತದೆ. ಹನಿ ಮೆಲ್ಲಗೆ ಒಳಗಿಳಿದು ಆ ಜಾಗ ಕಪ್ಪಾದರೆ ಅದು ಪದರವಿಲ್ಲದ ಚರ್ಮ. ಅಮ್ಮನ ಬ್ಯಾಗು ಹೀಗೇ ಇರಬೇಕು. ಅಲ್ಲಿ ಎಣ್ಣೆ ಒಳಗೆ ಹೋಗುತ್ತದೆ, ಆದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಮೇಲಿಂದ ಬಿಸಿಲು ಬಿದ್ದರೆ ಎಣ್ಣೆ ನೀರಾಗಿ ಹರಡಿ ಕಪ್ಪು ಮಚ್ಚೆ ಬೀಳುತ್ತದೆ. ಆ ಮಚ್ಚೆ ಪೂರ್ತಿ ಹೋಗುವುದಿಲ್ಲ. ಹೊಲಿಗೆಯ ಅಂಚಿನಲ್ಲಿ ಅಂಟು ಹಾಕಿ ಕೂಡಿಸಿದ್ದರೆ ಅದೂ ಸಡಿಲವಾಗುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಜಾಸ್ತಿ ಬೇಡ, ಕಮ್ಮಿಯೂ ಬೇಡ, ತೆಂಗಿನೆಣ್ಣೆ ಬಿಟ್ಟುಬಿಡಿ. ಆಲಿವ್ ಎಣ್ಣೆ, ವ್ಯಾಸಲಿನ್, ಬಾಳೆಹಣ್ಣಿನ ಸಿಪ್ಪೆಗೂ ಇದೇ ಮಾತು. ಶೂ ಪಾಲಿಶ್ ಅಂತೂ ಖಂಡಿತ ಬೇಡ, ಅದರ ಬಣ್ಣ ಬಟ್ಟೆಗೆ ಇಳಿಯುತ್ತದೆ.

ನ್ಯಾಫ್ತಲಿನ್ ಗುಳಿಗೆಯನ್ನು ಇವತ್ತೇ ತೆಗೆಯಿರಿ. ಅದು ಉಣ್ಣೆ, ರೇಷ್ಮೆ ತಿನ್ನುವ ಹುಳಕ್ಕೆ ಮಾಡಿದ್ದು. ಬೂಷ್ಟು ತಡೆಯಲು ಕಪಾಟಿನಲ್ಲಿಡುವ ನಾಲ್ಕು ಗುಳಿಗೆ ಸಾಕಾಗುವುದಿಲ್ಲ. ಅದರ ವಾಸನೆ ಚರ್ಮಕ್ಕೆ ಹಿಡಿದರೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯ, ನಿಮ್ಮ ಮನೆಯಲ್ಲಿ ಎರಡು ವರ್ಷದ ಮಗು ಇದೆ. ನೋಡಲು ಬಿಳಿ ಪೆಪ್ಪರ್‌ಮಿಂಟಿನಂತೆ ಇರುವುದರಿಂದ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಅದು ವಿಷ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರ ಆವಿಯಿಂದಲೂ ಕೆಂಪು ರಕ್ತಕಣಗಳು ಒಡೆಯುವ ಅಪಾಯ ಇದೆ. ಎಷ್ಟೋ ಮನೆಗಳಲ್ಲಿ ಮಗುವಿಗೆ ಆ ಕೊರತೆ ಇದೆ ಅಂತ ಗೊತ್ತೇ ಇರುವುದಿಲ್ಲ. ಬೂಷ್ಟಿನ ವಿಷಯಕ್ಕೆ ಬಂದರೆ, ಅದರ ಧೂಳು ಅಲರ್ಜಿ, ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ. ಆರೋಗ್ಯವಾಗಿರುವ ಮಗುವಿಗೆ ಒಂದು ಬ್ಯಾಗಿನಿಂದ ಭಯಪಡಬೇಕಾದ್ದಿಲ್ಲ. ಆದರೆ ಅದನ್ನು ಮನೆಯೊಳಗೆ ಕೊಡವಬೇಡಿ, ಒರೆಸುವಾಗ ಮಗು ಹತ್ತಿರ ಇರಬಾರದು. ಮಗುವಿಗೆ ಈಗಾಗಲೇ ಉಬ್ಬಸ ಇದ್ದರೆ ವೈದ್ಯರ ಹತ್ತಿರ ಈ ವಿಷಯ ಹೇಳಿ.

ಇನ್ನೊಂದು ಅನುಮಾನ ತೀರಿಸಿಕೊಂಡು ಮುಂದೆ ಹೋಗೋಣ. ಬಿಳಿಯಾಗಿ ಕಾಣುವುದೆಲ್ಲ ಬೂಷ್ಟಲ್ಲ. ಚರ್ಮದೊಳಗಿನ ಕೊಬ್ಬು ಕೆಲವೊಮ್ಮೆ ತಾನೇ ಮೇಲಕ್ಕೆ ಬಂದು ಬಿಳಿ ಪುಡಿಯಾಗಿ ಕೂರುತ್ತದೆ. ತಣ್ಣನೆಯ ಹವೆಯಲ್ಲಿ ಇದು ಜಾಸ್ತಿ. ಬ್ಯಾಗನ್ನು ಕಿಟಕಿ ಹತ್ತಿರ ತಂದು, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಬೂಷ್ಟಾದರೆ ಸಣ್ಣ ಸಣ್ಣ ದುಂಡು ಚುಕ್ಕೆಗಳು, ಹತ್ತಿಯ ನವಿರು ಎಳೆಗಳು ಕಾಣುತ್ತವೆ. ಹೊಲಿಗೆಯ ಸಾಲಿನಲ್ಲಿ, ಮಡಿಕೆಯಲ್ಲಿ, ಕೈ ತಾಗುವ ಹಿಡಿಯಲ್ಲಿ ಒತ್ತಾಗಿರುತ್ತದೆ, ಮೂಗಿಗೆ ಹಳೇ ಮಣ್ಣಿನ ವಾಸನೆ ಬರುತ್ತದೆ. ಕೊಬ್ಬಾದರೆ ತೆಳ್ಳಗೆ ಸಮನಾಗಿ ಹರಡಿರುತ್ತದೆ, ವಾಸನೆ ಇರುವುದಿಲ್ಲ. ಇನ್ನೂ ಗೊತ್ತಾಗದಿದ್ದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಒಂದು ಅಡಿ ದೂರದಿಂದ ಕೆಲವು ಸೆಕೆಂಡ್ ಹಿಡಿಯಿರಿ. ಕೊಬ್ಬು ಕರಗಿ ಮಾಯವಾಗುತ್ತದೆ, ಬೂಷ್ಟು ಹಾಗೇ ಇರುತ್ತದೆ. ಬ್ಯಾಗು ಒದ್ದೆಯಾಗಿರುವಾಗ ಮಾತ್ರ ಈ ಪರೀಕ್ಷೆ ಮಾಡಬೇಡಿ. ಅಮ್ಮನ ಬ್ಯಾಗಿನಂಥ ಹಳೇ ರೀತಿಯ ಚರ್ಮ ಒದ್ದೆಯಾಗಿದ್ದಾಗ ಸುಮಾರು 70-80 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮುದುಡಿ ಸುಟ್ಟ ಹಾಗಾಗುತ್ತದೆ. ವಯಸ್ಸಾದ ಚರ್ಮ ಇನ್ನೂ ಕಡಿಮೆ ಬಿಸಿಗೆ ಸೋಲುತ್ತದೆ. ಒಮ್ಮೆ ಮುದುಡಿದ್ದು ವಾಪಸ್ ಬರುವುದಿಲ್ಲ.

ಈಗ ಬೂಷ್ಟು ತೆಗೆಯುವ ಕೆಲಸ. ಮಳೆ ಬಿಟ್ಟ ಒಂದು ದಿನ ನೋಡಿ ಬ್ಯಾಗನ್ನು ಅಂಗಳಕ್ಕೆ ಅಥವಾ ಜಗಲಿಗೆ ತನ್ನಿ. ಮಾಸ್ಕ್ ಹಾಕಿಕೊಳ್ಳಿ. ಮೊದಲು ಒಣ ಬ್ರಷ್ ಮಾತ್ರ. ಹಳೇ ಶೇವಿಂಗ್ ಬ್ರಷ್‌ನಂಥ ಮೆತ್ತನೆಯದು ಸಾಕು. ಎಲ್ಲರೂ ಮಾಡುವುದು ನೇರವಾಗಿ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಹಾಗೆ ಮಾಡಿದರೆ ಒಂದು ಕಡೆ ಇದ್ದದ್ದು ಇಡೀ ಬ್ಯಾಗಿಗೆ ಹರಡುತ್ತದೆ, ನೀರೂ ಸೇರುತ್ತದೆ. ನಿಮಗೆ ಪ್ರತಿ ಸಲ ಹದಿನೈದು ದಿನಕ್ಕೆ ಮತ್ತೆ ಬರುತ್ತಿದ್ದರೆ ಇದೂ ಒಂದು ಕಾರಣ. ಬ್ರಷ್ ಆದಮೇಲೆ ಅಸ್ತರನ್ನು ಹೊರಗೆಳೆದು ಅದನ್ನೂ ಕೊಡವಿ. ಜಿಪ್ಪಿನ ಜೇಬುಗಳನ್ನು ಮರೆಯಬೇಡಿ. ಹಳೇ ಬಸ್ ಟಿಕೆಟ್, ಕರ್ಪೂರದ ಚೂರು, ಕುಂಕುಮದ ಪೊಟ್ಟಣ, ತುಕ್ಕು ಹಿಡಿದ ಪಿನ್ನು ಎಲ್ಲ ಅಲ್ಲೇ ಇರುತ್ತವೆ.

ಆ ಪಿನ್ನಿನ ಬಗ್ಗೆ ಒಂದು ಮಾತು. ಅಮ್ಮನ ಬ್ಯಾಗು ಮದ್ರಾಸಿನದು ಅಂದಿರಿ. ತಮಿಳುನಾಡಿನಲ್ಲಿ ಮರದ ತೊಗಟೆಯಿಂದ ಚರ್ಮ ಹದ ಮಾಡುವ ಹಳೇ ಪದ್ಧತಿ ಇದೆ. ನಮ್ಮ ಕಡೆ ತಂಗಡಿ ಅಥವಾ ಆವರಿಕೆ ಅನ್ನುತ್ತಾರಲ್ಲ, ಹಳದಿ ಹೂವಿನ ಗಿಡ, ಅದರ ತೊಗಟೆ ಮತ್ತು ಅಳಲೆಕಾಯಿ ಹಾಕಿ ಹದ ಮಾಡುತ್ತಿದ್ದರು. ಇ.ಐ. ಅಂದರೆ ಈಸ್ಟ್ ಇಂಡಿಯಾ ಲೆದರ್ ಅಂತ ಅದಕ್ಕೆ ಹೆಸರು, ಈಗ ಜಿಐ ಗುರುತೂ, ಅಂದರೆ ಆ ಪ್ರದೇಶದ್ದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆಯೂ ಸಿಕ್ಕಿದೆ. ಇಂಥ ಚರ್ಮದಲ್ಲಿ ಒಗರು ತುಂಬಿರುತ್ತದೆ. ಒಗರಿಗೆ ಕಬ್ಬಿಣ ಮತ್ತು ನೀರು ಸೇರಿದರೆ ಕಡು ಕಪ್ಪು ಕಲೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಒಂದು ತುಕ್ಕು ಪಿನ್ನು, ಒಂದು ಮಳೆಗಾಲ ಸಾಕು, ಬ್ಯಾಗಿನ ಮೇಲೆ ಮಸಿಯ ಕಲೆ ಕಾಯಂ. ಇವತ್ತು ಜಗತ್ತಿನಲ್ಲಿ ಮಾರಾಟವಾಗುವ ಹೆಚ್ಚಿನ ಬ್ಯಾಗುಗಳು ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದವು, ಅವುಗಳಿಗೆ ಈ ತೊಂದರೆ ಇಲ್ಲ. ಕಪ್ಪು ಬ್ಯಾಗು ಆ ಜಾತಿಯದೇ ಇರಬೇಕು.

ಬ್ರಷ್ ಕೆಲಸ ಮುಗಿದ ಮೇಲೆ ಕಪ್ಪು ಬ್ಯಾಗಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಬಹುದು. ಶೇ. 70ರದ್ದನ್ನು ತಂದು ಅಷ್ಟೇ ನೀರು ಬೆರೆಸಿ. ಬಿಳಿ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತಳದಲ್ಲಿ ಒಂದು ಮೂಲೆ ಒರೆಸಿ ನೋಡಿ. ಬಟ್ಟೆಗೆ ಕಪ್ಪು ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ಇಡೀ ಬ್ಯಾಗನ್ನು ಹಗುರವಾಗಿ ಒಮ್ಮೆ ಒರೆಸಿ. ಉಜ್ಜಬೇಡಿ. ಒಲೆ, ದೀಪ ಹತ್ತಿರ ಇರಬಾರದು. ಅಪಾಯ ಏನೆಂದರೆ, ಆಲ್ಕೋಹಾಲ್ ಬೂಷ್ಟನ್ನು ಕೊಲ್ಲುವ ಹಾಗೆಯೇ ಬಣ್ಣದ ಪದರವನ್ನೂ ಕರಗಿಸಬಲ್ಲದು. ಕೊರೊನಾ ಕಾಲದಿಂದ ನನ್ನ ಹತ್ತಿರ ಬರುವ ಎಷ್ಟೋ ಬ್ಯಾಗುಗಳಲ್ಲಿ ಹಿಡಿಯ ಬಣ್ಣ ಮಾತ್ರ ಹೋಗಿರುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮೊದಲೇ ಹಿಡಿ ಹಿಡಿದದ್ದರ ಫಲ. ಅಮ್ಮನ ಬ್ಯಾಗಿಗೆ ಆಲ್ಕೋಹಾಲ್ ಬೇಡವೇ ಬೇಡ, ಕಲೆ ಬೀಳುವ ಸಂಭವ ಜಾಸ್ತಿ. ಅದಕ್ಕೆ ಒಣ ಬ್ರಷ್, ಆಮೇಲೆ ಒಣ ಬಟ್ಟೆ, ಅಷ್ಟು ಸಾಕು. ವಿನೆಗರ್ ಬಗ್ಗೆ ಯೂಟ್ಯೂಬಿನಲ್ಲಿ ತುಂಬ ಹೇಳುತ್ತಾರೆ. ಹಳೇ ಚರ್ಮದಲ್ಲಿ ಮೊದಲೇ ಆಮ್ಲದ ಅಂಶ ಹೆಚ್ಚಾಗಿರುತ್ತದೆ, ಅದರ ಮೇಲೆ ಇನ್ನಷ್ಟು ಆಮ್ಲ ನಾನಂತೂ ಹಾಕುವುದಿಲ್ಲ.

ಆಮೇಲೆ ಎರಡೂ ಬ್ಯಾಗನ್ನು ಬಾಯಿ ತೆರೆದು ಫ್ಯಾನಿನ ಕೆಳಗೆ, ನೆರಳಿನಲ್ಲಿ, ಎರಡು ಮೂರು ದಿನ ಬಿಡಿ. ಬಿಸಿಲು ಬೇಡ. ಮಧ್ಯಾಹ್ನದ ಬಿಸಿಲು ಬಣ್ಣ ಎಳೆಯುತ್ತದೆ, ಮೇಲ್ಮೈಯನ್ನು ಗಬಕ್ಕನೆ ಒಣಗಿಸುತ್ತದೆ. ಅಮ್ಮನ ಬ್ಯಾಗಿನ ಹಿಡಿ ಗಟ್ಟಿಯಾಗಿದ್ದರಲ್ಲಿ ಈ ವರ್ಷಗಳ ಬಿಸಿಲಿನ ಪಾಲು ಖಂಡಿತ ಇದೆ.

ಇಡುವ ಜಾಗಕ್ಕೆ ಬರೋಣ. ಇಲ್ಲಿ ಎರಡು ದಾರಿ ಇವೆ, ನಿಮ್ಮ ಮನೆಗೆ ಯಾವುದು ಒಗ್ಗುತ್ತದೋ ಅದನ್ನು ಹಿಡಿಯಿರಿ. ಎರಡನ್ನೂ ಅರ್ಧರ್ಧ ಮಾಡಿದರೆ ಕೆಲಸ ಕೆಡುತ್ತದೆ.

ಒಂದು, ಗಾಳಿ ಆಡಲು ಬಿಡುವುದು. ಬ್ಯಾಗನ್ನು ಬೀರುವಿನಿಂದ ಹೊರಗೆ ತಂದು, ಮನೆಯ ಒಳಗಿನ ಗೋಡೆಯ ಹತ್ತಿರ ಎತ್ತರದ ಕಡೆ, ಹತ್ತಿ ಚೀಲದಲ್ಲಿ ಹಾಕಿ ಇಡಿ. ಫ್ಯಾನ್ ತಿರುಗುವ ಕೋಣೆಯಾದರೆ ಒಳ್ಳೆಯದು. ಬೀರುವಿನಲ್ಲೇ ಇಡಬೇಕು ಅಂದರೆ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ, ಒತ್ತೊತ್ತಾಗಿ ತುಂಬಬೇಡಿ. ಈ ದಾರಿಯಲ್ಲಿ ವಾರಕ್ಕೊಮ್ಮೆ ಬ್ಯಾಗನ್ನು ಕೈಗೆತ್ತಿಕೊಂಡು ನೋಡಬೇಕು. ಅದಕ್ಕಿಂತ ಒಳ್ಳೆಯದು, ಮಳೆಗಾಲದಲ್ಲೂ ಆಗಾಗ ಬಳಸುವುದು. ಮಳೆ ಇಲ್ಲದ ದಿನ ಪೇಟೆಗೋ ಬ್ಯಾಂಕಿಗೋ ಕಪ್ಪು ಬ್ಯಾಗನ್ನು ತಗೊಂಡು ಹೋಗಿ. ಮದುವೆ ಮುಂಜಿಗೆ ಅಂತ ಕಾಯಿಸುವುದರಿಂದ ಬ್ಯಾಗಿಗೆ ಲಾಭವಿಲ್ಲ.

ಇನ್ನೊಂದು, ಪೂರ್ತಿ ಮುಚ್ಚಿ ಒಳಗಿನ ಹವೆಯನ್ನೇ ಒಣಗಿಸುವುದು. ಪ್ಲಾಸ್ಟಿಕ್ ಬೇಡ ಅಂದವನು ಈಗ ಡಬ್ಬಿ ಹೇಳುತ್ತಿದ್ದೇನೆ ಅನ್ನಿಸಬಹುದು. ವ್ಯತ್ಯಾಸ ಇರುವುದು ಸಿಲಿಕಾ ಜೆಲ್‌ನಲ್ಲಿ. ರಬ್ಬರ್ ಅಂಚಿನ ಬಿಗಿ ಮುಚ್ಚಳ ಇರುವ ದೊಡ್ಡ ಡಬ್ಬಿ ತಗೊಳ್ಳಿ. ಚೆನ್ನಾಗಿ ಒಣಗಿದ ಬ್ಯಾಗನ್ನು ಹತ್ತಿ ಚೀಲದಲ್ಲಿ ಹಾಕಿ ಒಳಗಿಡಿ. ಒಂದು ಬ್ಯಾಗಿಗೆ ಸುಮಾರು 100 ಗ್ರಾಂ ಸಿಲಿಕಾ ಜೆಲ್ ಇರಲಿ. ಹೊಸ ಶೂ ಡಬ್ಬಿಯಲ್ಲಿ ಬರುವ ಒಂದು ಪುಟ್ಟ ಪೊಟ್ಟಣದಿಂದ ಏನೂ ಆಗದು. ಜೊತೆಗೆ ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಂದನ್ನು ಡಬ್ಬಿಯೊಳಗೇ ಇಡಿ, ಅದು ಶೇ. 45-55 ತೋರಿಸುತ್ತಿದ್ದರೆ ನಿಶ್ಚಿಂತೆ. ಶೇ. 60 ದಾಟಿದರೆ ಜೆಲ್ ತುಂಬಿಕೊಂಡಿದೆ ಅಂತ. ಬಣ್ಣ ಬದಲಾಗುವ ಜೆಲ್ ಆದರೆ ಕಣ್ಣಿಗೇ ಗೊತ್ತಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷದ ಉಪ್ಪು ಇರುತ್ತದೆ, ಮಗು ಇರುವ ಮನೆಗೆ ಅದು ಬೇಡ, ಕಿತ್ತಳೆಯದನ್ನೇ ತನ್ನಿ. ತುಂಬಿದ ಜೆಲ್ಲನ್ನು ಓವನ್ನಿನಲ್ಲಿ ಸುಮಾರು 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಹೊಸದು. ತೀರಾ ಒಣಗಿಸಲೂ ಬೇಡಿ. ಶೇ. 40ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಚರ್ಮ ಬಿರುಸಾಗುತ್ತದೆ. ಕಲಬುರಗಿ, ವಿಜಯಪುರದ ಕಡೆ ಬೇಸಿಗೆಯಲ್ಲಿ ಲೆದರ್ ಬಿರಿಯುವುದು ಇದೇ ಕಾರಣಕ್ಕೆ, ಅಲ್ಲಿಯವರಿಗೆ ನಾನು ಸಿಲಿಕಾ ಜೆಲ್ ಹೇಳುವುದೇ ಇಲ್ಲ.

ಸೂಪರ್ ಮಾರ್ಕೆಟಿನಲ್ಲಿ ನೀರು ಹಿಡಿಯುವ ಡಬ್ಬಿಗಳು ಸಿಗುತ್ತವೆ, ಕೆಲವು ದಿನಕ್ಕೆ ಕೆಳಗೆ ನೀರು ತುಂಬುತ್ತದಲ್ಲ, ಅವು. ಬೀರುವಿನ ತೇವ ಎಳೆಯಲು ಅವು ಒಳ್ಳೆಯವೇ. ಆದರೆ ಆ ನೀರು ಬರೀ ನೀರಲ್ಲ, ಕ್ಯಾಲ್ಸಿಯಂ ಕ್ಲೋರೈಡಿನ ಗಟ್ಟಿ ಉಪ್ಪುನೀರು. ಅದು ಚೆಲ್ಲಿ ಚರ್ಮಕ್ಕೆ ತಾಗಿದರೆ ಆ ಜಾಗ ಕುಗ್ಗಿ ಮರದಷ್ಟು ಗಟ್ಟಿಯಾಗುತ್ತದೆ. ಇಟ್ಟರೆ ಬ್ಯಾಗಿಗಿಂತ ಕೆಳಗಿನ ತಟ್ಟೆಯಲ್ಲಿ, ಅಲುಗಾಡದ ಹಾಗೆ ಇಡಿ. ಅಕ್ಕಿ, ಕಲ್ಲುಪ್ಪು ಕಟ್ಟಿ ಇಡುವುದು ಸುಮ್ನೆ. ಅಕ್ಕಿಗೆ ಹುಳ ಬರುತ್ತದೆ, ಉಪ್ಪು ಕರಗುತ್ತದೆ. ಕೆಲವು ಹಳೇ ಮನೆಗಳಲ್ಲಿ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿಡುತ್ತಿದ್ದರು. ಬಿಸಿಯಾಗುವ ಹಳೇ ಬಲ್ಬಿಗೆ ಅದು ಸರಿ, ಎಲ್‌ಇಡಿಯಿಂದ ಆ ಕೆಲಸ ಆಗದು. ಬಟ್ಟೆ ತಾಗಿದರೆ ಬೆಂಕಿಯ ಭಯವೂ ಇದೆ, ಹಾಗಾಗಿ ನಾನು ಹೇಳುವುದಿಲ್ಲ.

ಯಾವ ದಾರಿ ಹಿಡಿದರೂ ಬ್ಯಾಗಿನ ಹೊಟ್ಟೆ ತುಂಬಿರಲಿ, ಇಲ್ಲದಿದ್ದರೆ ಕುಸಿದು ಮಡಿಕೆಯಲ್ಲೇ ಬಿರಿಯುತ್ತದೆ. ನ್ಯೂಸ್‌ಪೇಪರ್ ಬೇಡ, ಮಸಿ ಅಸ್ತರಿಗೆ ಹತ್ತುತ್ತದೆ. ತೊಳೆದ ಹಳೇ ಹತ್ತಿ ಪಂಚೆ ಒಳ್ಳೆಯದು, ಆದರೆ ಗಂಜಿ ಹಾಕಿದ್ದು ಬೇಡ, ಗಂಜಿಗೂ ಬೂಷ್ಟು ಬರುತ್ತದೆ. ಹಿಡಿಯಿಂದ ನೇತು ಹಾಕಬೇಡಿ, ಕೂರಿಸಿ ಇಡಿ. ಒಂದಕ್ಕೊಂದು ತಾಗದಿರಲಿ. ಕಪ್ಪಿನ ಬಣ್ಣ ಪಕ್ಕದ ತಿಳಿ ಬಣ್ಣದ ಬ್ಯಾಗಿಗೆ ಇಳಿದರೆ ತೆಗೆಯುವುದು ಬಲು ಕಷ್ಟ.

ಕೆನೆ ಬಣ್ಣದ ಬ್ಯಾಗಿಗೆ ಹೆಚ್ಚು ಮಾತು ಬೇಕಿಲ್ಲ. 'ವೀಗನ್ ಲೆದರ್' ಅಂತ ಮಾರುವ ಬ್ಯಾಗುಗಳಲ್ಲಿ ಹೆಚ್ಚಿನವು ಬಟ್ಟೆಯ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪದರ ಹಾಕಿದವು. ಹವೆಯ ತೇವ ಈ ಪ್ಲಾಸ್ಟಿಕ್ಕನ್ನೇ ನಿಧಾನವಾಗಿ ಒಡೆಯುತ್ತದೆ. ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ಕರಾವಳಿಯ ತೇವ, ಸೆಕೆ ಎರಡೂ ಸೇರಿ ಅದನ್ನು ಬೇಗ ಮಾಡುತ್ತವೆ. ಸಿಪ್ಪೆ ಏಳಲು ಶುರುವಾದ ಮೇಲೆ ಯಾವ ಕ್ರೀಮಿಗೂ ಅದು ನಿಲ್ಲುವುದಿಲ್ಲ. ನಿಮ್ಮ ಆರೈಕೆಯಲ್ಲಿ ತಪ್ಪಾಗಿಲ್ಲ. ಉಳಿದಷ್ಟು ದಿನ ಬಳಸಿ, ರಿಪೇರಿಗೆ ದುಡ್ಡು ಹಾಕಬೇಡಿ. ಮುಂದೆ ಬ್ಯಾಗು ಕೊಳ್ಳುವಾಗ ಒಳಗಿನ ಕತ್ತರಿಸಿದ ಅಂಚನ್ನು ನೋಡಿ. ನಾರುನಾರಾಗಿದ್ದರೆ ಚರ್ಮ, ನೇಯ್ದ ಬಟ್ಟೆ ಕಂಡರೆ ರೆಕ್ಸಿನ್ ಜಾತಿ. ಒಂದು ಎಚ್ಚರಿಕೆ, ಚರ್ಮದ ಕೆಳಪದರವನ್ನು ಸೀಳಿ ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಕಿ 'ಜೆನ್ಯೂನ್ ಲೆದರ್' ಅಂತ ಮಾರುವುದೂ ಇದೆ. ಅದರ ಅಂಚಿನಲ್ಲಿ ನಾರು ಕಾಣುತ್ತದೆ, ಆದರೂ ಮೇಲಿನ ಪದರ ಒಂದು ದಿನ ಏಳುತ್ತದೆ.

ಕೊನೆಗೆ ಅಮ್ಮನ ಬ್ಯಾಗು. ಉಳಿಯುತ್ತದೆಯೇ ಅಂತ ಕೇಳಿದಿರಿ. ಅದಕ್ಕೆ ಮೊದಲು ನೀವೇ ಒಂದು ಪರೀಕ್ಷೆ ಮಾಡಬೇಕು. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಹಿಡಿಯ ಬಿರುಕಿನ ಮೇಲೆ ಮೆಲ್ಲಗೆ ಒಮ್ಮೆ ಎಳೆಯಿರಿ. ಬಟ್ಟೆ ಬರೀ ಕೊಳೆಯಾದರೆ ಚರ್ಮಕ್ಕೆ ಇನ್ನೂ ಜೀವ ಇದೆ. ಇಟ್ಟಿಗೆ ಬಣ್ಣದ ನುಣ್ಣನೆ ಪುಡಿ ಬಂದರೆ ಎಳೆಗಳೇ ಪುಡಿಯಾಗುತ್ತಿವೆ ಅಂತ. ತೊಗಟೆಯಿಂದ ಹದ ಮಾಡಿದ ಹಳೇ ಚರ್ಮದಲ್ಲಿ, ಹಳೇ ಲೈಬ್ರರಿಯ ಲೆದರ್ ಬೈಂಡಿನ ಪುಸ್ತಕಗಳಲ್ಲಿ ಕಾಣುವ ಕಾಯಿಲೆ ಇದು. ಗಾಳಿಯಲ್ಲಿರುವ ಗಂಧಕದ ಹೊಗೆ, ಬಿಸಿ, ಕಾಲ ಇವೆಲ್ಲ ಸೇರಿ ಚರ್ಮದಲ್ಲಿ ಆಮ್ಲ ಹೆಚ್ಚಿಸಿ ಹೀಗೆ ಮಾಡುತ್ತವೆ. ಇದನ್ನು ಹಿಂದಕ್ಕೆ ತರಲು ಆಗುವುದಿಲ್ಲ, ಎಣ್ಣೆ ಹಾಕಿದರೆ ಪುಡಿ ಕೆಸರಾಗುತ್ತದೆ. ಸೆಲ್ಯುಲೋಸಿನಿಂದ ಮಾಡಿದ ಒಂದು ಬಗೆಯ ತೆಳು ಅಂಟನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಹಚ್ಚಿ ಪುಡಿಯನ್ನು ಹಿಡಿದು ನಿಲ್ಲಿಸಬಹುದು. ಅದನ್ನು ಹಳೇ ಪುಸ್ತಕ ಉಳಿಸುವ ತಜ್ಞರಿಂದಲೇ ಮಾಡಿಸಿ. ಅಂಥ ಬ್ಯಾಗನ್ನು ಆಮೇಲೆ ಇಟ್ಟು ನೋಡಬಹುದು, ಹೊತ್ತು ಓಡಾಡಲು ಆಗದು.

ಪುಡಿ ಬರಲಿಲ್ಲ ಅಂದರೆ ಒಳ್ಳೆಯ ಸುದ್ದಿ. ಹಿಡಿಗೆ ಬೆವರು, ಉಪ್ಪು, ಬಿಸಿಲು ಜಾಸ್ತಿ ತಾಗಿರುತ್ತದೆ, ಹಾಗಾಗಿ ಮೊದಲು ಸೋಲುವುದು ಅದೇ. ಬ್ಯಾಗಿನ ಮೈ ಇನ್ನೂ ಗಟ್ಟಿಯಾಗಿರಬಹುದು. ಮಳೆಗಾಲ ಪೂರ್ತಿ ಮುಗಿದ ಮೇಲೆ, ಚರ್ಮ ಒಣಗಿರುವಾಗ, ಬಣ್ಣವಿಲ್ಲದ ಲೆದರ್ ಕಂಡೀಷನರ್ ತಂದು ಬಟ್ಟೆಯ ತುದಿಗೆ ಕಡಲೆಬೇಳೆಯಷ್ಟು ತಗೊಂಡು ತೆಳ್ಳಗೆ ಹಚ್ಚಿ. ಮೊದಲು ತಳದಲ್ಲಿ ಹಚ್ಚಿ ಒಂದು ದಿನ ಕಾಯಿರಿ, ಸ್ವಲ್ಪ ಕಪ್ಪಾಗುವುದು ಸಹಜ, ಆ ಬಣ್ಣ ನಿಮಗೆ ಒಪ್ಪಿಗೆಯಾದರೆ ಮಾತ್ರ ಮುಂದುವರಿಸಿ. ವರ್ಷಕ್ಕೆ ಒಮ್ಮೆ ಸಾಕು. ಇದರಿಂದ ಮೈ ಮೆತ್ತಗಾಗುತ್ತದೆ, ಆದರೆ ಬಿರಿದ ಹಿಡಿ ಕೂಡಿಕೊಳ್ಳುವುದಿಲ್ಲ.

ಹಿಡಿಗೆ ಮೂರು ಆಯ್ಕೆ. ಹಾಗೇ ಬಿಟ್ಟು, ಭಾರ ಹಾಕದೆ ಅಪರೂಪಕ್ಕೆ ಬಳಸುವುದು. ಬಿರುಕಿಗೆ ಫಿಲ್ಲರ್ ತುಂಬಿ ಬಣ್ಣ ಹಚ್ಚಿಸುವುದು. ಇದು ನೋಡಲು ಚೆನ್ನ, ಆದರೆ ಬಲ ಬರುವುದಿಲ್ಲ, ಬಾಗುವ ಕಡೆ ಮತ್ತೆ ಬಿರಿಯುತ್ತದೆ. ಇಲ್ಲವೇ ಹೊಸ ಹಿಡಿ ಮಾಡಿಸುವುದು. ನೀವು ಈ ಬ್ಯಾಗನ್ನು ಬಳಸಬೇಕು ಅನ್ನುವುದಾದರೆ ನಾನು ಹೇಳುವುದು ಇದನ್ನೇ. ಹೊಸದು ಬಣ್ಣದಲ್ಲಿ ಸ್ವಲ್ಪ ಬೇರೆ ಕಾಣುತ್ತದೆ, ಕೆಲವು ವರ್ಷ ಕೈಯಾಡಿದ ಮೇಲೆ ಹತ್ತಿರ ಬರುತ್ತದೆ. ಕೆಲಸ ಮಾಡುವವರಿಗೆ ಮೂರು ಮಾತು ಮೊದಲೇ ಹೇಳಿ. ತೊಗಟೆಯಿಂದ ಹದ ಮಾಡಿದ ಚರ್ಮವನ್ನೇ ಹಾಕಬೇಕು. ಹಳೇ ಹೊಲಿಗೆಯ ತೂತುಗಳಲ್ಲೇ, ಮೇಣ ಹಚ್ಚಿದ ದಾರದಲ್ಲಿ, ಕೈಯಿಂದ ಹೊಲಿಯಬೇಕು. ಮಷೀನಿಗೆ ಕೊಟ್ಟರೆ ಪಕ್ಕದಲ್ಲಿ ಹೊಸ ತೂತು ಬಿದ್ದು ಹಳೇ ಚರ್ಮ ಆ ಸಾಲಿನಲ್ಲೇ ಹರಿಯುತ್ತದೆ. ಸೂಪರ್ ಗ್ಲೂ ಹಾಕಬಾರದು, ಅದು ಗಾಜಿನಂತೆ ಗಟ್ಟಿಯಾಗಿ ಪಕ್ಕದ ಚರ್ಮವನ್ನು ಕಡಿಯುತ್ತದೆ. ಈ ಮೂರಕ್ಕೂ ಒಪ್ಪುವವರು ನಿಮ್ಮ ಊರಲ್ಲಿ ಸಿಗದಿದ್ದರೆ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ವಿಚಾರಿಸಿ. ಅಲ್ಲಿಯವರೆಗೆ ಹಳೇ ಹಿಡಿಯನ್ನು ಬಿಚ್ಚಿಸಬೇಡಿ, ಹೊಸದಕ್ಕೆ ಅಳತೆ ತೆಗೆಯುವುದು ಅದರಿಂದಲೇ.